ಮಂಗಳ ಗ್ರಹ, ಇವರ ಸ್ಮರಣಾರ್ಥ

ನಾನು ಬರೆದದ್ದರಿಂದ ಯಾರ ಬದುಕಿನಲ್ಲೂ ಒಂದು ಕೂದಲೆಳೆಯಷ್ಟು ಬದಲಾವಣೆಯಾಗಿಲ್ಲ ಎಂಬ ಕೊರಗು ನನಗೆ ಬಹಳ ವರ್ಷ ಇತ್ತು. ಈಗಿಲ್ಲ. ಹೈದರಾಬಾದಿನಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ ಒಬ್ಬ ದೊಡ್ಡ ಮನುಷ್ಯರು ನನ್ನ ಎರಡೇ ಸಾಲಿನಿಂದಾಗಿ ಮೂರು ದಿನಗಳ ಮಟ್ಟಿಗೆ ತೀರಿಕೊಂಡರು. ಅವರ ಫೋಟೋಕ್ಕೆ ಹಾರ ಬಿತ್ತು, ಊದಿನಕಡ್ಡಿ ಹೊಗೆಯಾಡಿತು, ಅವರನ್ನು ಒಮ್ಮೆಯೂ ನೋಡಿರದ ಜನ ತಲೆಯ ಮೇಲಿನ ಟವೆಲ್ಲು ತೆಗೆದು ಕೈಮುಗಿದರು. ಕೊಲೆ ಎಂದರೆ ದೊಡ್ಡ ಮಾತಾಯಿತು. ಕೈತಪ್ಪು ಎನ್ನೋಣ. ನಿಮ್ಮಲ್ಲಿ ಹೇಳಿಕೊಳ್ಳದೆ ಇನ್ಯಾರಲ್ಲಿ ಹೇಳಿಕೊಳ್ಳಲಿ?

ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಆದರೆ ಊರಿನಲ್ಲಿ ನನ್ನನ್ನು ಯಾರೂ ಮಾಸ್ತರನೆಂದು ಗುರುತಿಸುವುದಿಲ್ಲ, 'ಮ್ಯಾಟರ್ ಬರೆದುಕೊಡುವವರು' ಎಂದೇ ಗುರುತಿಸುತ್ತಾರೆ. ಲಗ್ನಪತ್ರಿಕೆ, ಮನೆ ಪ್ರವೇಶದ ಕರೆಯೋಲೆ, ತೀರಿಕೊಂಡವರ ಶ್ರದ್ಧಾಂಜಲಿ, ದಾನಿಗಳ ಫಲಕ, ಯಾವುದಕ್ಕೆ ಬೇಕಾದರೂ ನನ್ನ ಹತ್ತಿರ ಒಂದು ಮಾದರಿ ಇದೆ. ಒಂದು ಹಳೆಯ ನೋಟುಬುಕ್ಕಿನಲ್ಲಿ ಅವನ್ನೆಲ್ಲ ಬರೆದಿಟ್ಟು ನಂಬರು ಹಾಕಿದ್ದೇನೆ. ಅದರ ಒಂದು ಪ್ರತಿ ಪೇಂಟರ್ ಖಾಜಾಸಾಬನ ಅಂಗಡಿಯ ಮೊಳೆಗೆ ನೇತುಬಿದ್ದಿದೆ. ಖಾಜಾಸಾಬನ ಕುಂಚ, ನನ್ನ ಮ್ಯಾಟರು, ಇವೆರಡೂ ಸೇರಿ ಈ ತಾಲೂಕಿನ ಎಷ್ಟು ಗೋಡೆಗಳ ಮೇಲೆ ಎಷ್ಟು ಹಿರಿಯರನ್ನು ಸ್ಮರಿಸಿವೆಯೋ ಲೆಕ್ಕವಿಟ್ಟಿಲ್ಲ.

ಈ ಸೀಮೆಯಲ್ಲಿ ಹೆಸರಿಲ್ಲದ ವಸ್ತು ಸಿಗುವುದೇ ಕಷ್ಟ. ಬೇಕಾದರೆ ನಮ್ಮ ಅಡುಗೆಮನೆಗೆ ಬಂದು ನೋಡಿ. ಬೆಳಿಗ್ಗೆ ನಾನು ಚಹಾ ಕುಡಿಯುವ ಲೋಟದ ಮೇಲೆ ಮುದಗಲ್ಲಿನ ಸೋದರತ್ತೆಯ ಹೆಸರಿದೆ. ಅನ್ನದ ಬೋಗುಣಿಯ ಮೇಲೆ ಇರುವುದು ನಮ್ಮ ಮದುವೆಗೆ ಬಾರದೆ ಬರೀ ಬೋಗುಣಿ ಕಳಿಸಿದ ಒಬ್ಬ ಬೀಗರ ಹೆಸರು. ಪಾತ್ರೆ ಅಂಗಡಿಯವನು ಆ ಸಣ್ಣ ಯಂತ್ರ ಹಿಡಿದು ಗರ್ರೆನ್ನಿಸುತ್ತ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದ ಮೇಲೆಯೇ ನಮ್ಮಲ್ಲಿ ಪಾತ್ರೆ ಪಾತ್ರೆಯಾಗುವುದು. ನನ್ನ ಹೆಂಡತಿ ಸರೋಜ ಸಿಟ್ಟಿನಲ್ಲಿ ಏನನ್ನಾದರೂ ಕುಕ್ಕಿದರೆ, ಆ ಸದ್ದಿನ ಮೇಲೆಯೇ ಅದು ಅವಳ ಕಡೆಯವರು ಕೊಟ್ಟದ್ದೋ ನನ್ನ ಕಡೆಯವರು ಕೊಟ್ಟದ್ದೋ ಎಂದು ನಾನು ಹೇಳಬಲ್ಲೆ. ತವರಿನ ಪಾತ್ರೆಯನ್ನು ಅವಳು ಎಂದೂ ಕುಕ್ಕುವುದಿಲ್ಲ.

ಸಾರ್ವಜನಿಕ ದಾನಕ್ಕೆ ಮಾತ್ರ ಬೇರೊಂದು ಕಟ್ಟುನಿಟ್ಟು ಇದೆ. ಬದುಕಿರುವವನು ತನ್ನ ಹೆಸರನ್ನೇ ದೊಡ್ಡದಾಗಿ ಬರೆಸಿದರೆ ಜಂಬ ಎನ್ನಿಸಿಕೊಳ್ಳುತ್ತದೆ. ಆದ್ದರಿಂದ ಫ್ಯಾನಿರಲಿ, ಬೆಂಚಿರಲಿ, ನೀರಿನ ಟ್ಯಾಂಕಿರಲಿ, ತೀರಿಹೋದ ತಂದೆಯದೋ ತಾಯಿಯದೋ ಹೆಸರು ಮೇಲೆ, 'ಇವರ ಸ್ಮರಣಾರ್ಥ' ಎಂಬುದು ನಡುವೆ, ಕೊಟ್ಟವರ ಹೆಸರು ಕೆಳಗೆ. ನಮ್ಮ ಸ್ಟಾಫ್ ರೂಮಿನ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಒಬ್ಬ ಅಕ್ಕಿ ಗಿರಣಿ ಸಾಹುಕಾರರ ತಂದೆಯ ಹೆಸರಿದೆ. ತಿರುಗುವಾಗ ಅದನ್ನು ಓದಲಾಗುವುದಿಲ್ಲ, ಕರೆಂಟು ಹೋದಾಗಲೇ ಓದಬೇಕು. ಹಾಗಾಗಿ ಪಾಪ, ಆ ಹಿರಿಯರನ್ನು ನಾವು ಸ್ಮರಿಸುವುದು ಬೆವರುತ್ತ, ಬೈಯುತ್ತ. ಇನ್ನು ಫಲಕದ ಮೇಲೆ ಫೋಟೋ ಇದ್ದರಂತೂ ಮುಗಿಯಿತು, ಆ ಮನುಷ್ಯ ಹೋದ ಹಾಗೆಯೇ. ಚುನಾವಣೆಗೆ ನಿಲ್ಲುವವರ ಮಾತು ಬೇರೆ. ಅವರ ಫೋಟೋ ಬಣ್ಣದಲ್ಲಿರುತ್ತದೆ, ಕೈಮುಗಿದಿರುತ್ತದೆ, ಆದ್ದರಿಂದ ಬದುಕಿದ್ದಾರೆಂದು ಯಾರಿಗಾದರೂ ಗೊತ್ತಾಗುತ್ತದೆ.

ಕಳೆದ ಚಳಿಗಾಲದಲ್ಲಿ ಇಂಥ ಊರಿಗೆ ಮಂಗಳ ಗ್ರಹ ಬಂತು. ದೊಡ್ಡದೊಂದು ಬಸ್ಸು, ಅದರ ಹೊಟ್ಟೆಯ ತುಂಬ ವಸ್ತುಸಂಗ್ರಹಾಲಯ. ನಮ್ಮ ದೇಶದವರು ಕಳಿಸಿದ ನೌಕೆಯ ಸಣ್ಣ ಮಾದರಿ, ಆರು ಗಾಲಿಯ ಗಾಡಿಯ ದೊಡ್ಡ ಮಾದರಿ, ಗಾಜಿನ ಪೆಟ್ಟಿಗೆಯಲ್ಲಿ ಮಂಗಳನ ಮಣ್ಣಿನಂಥ ಕೆಂಪು ಮಣ್ಣು, ಕಿವಿಗೆ ಹಚ್ಚಿಕೊಂಡರೆ ಅಲ್ಲಿನ ಗಾಳಿಯ ಸದ್ದು. ಇದನ್ನೆಲ್ಲ ಊರೂರಿಗೆ ತಿರುಗಿಸುವ ಖರ್ಚು ಹೊತ್ತಿದ್ದು ಬೋರ್‌ವೆಲ್ ಮೋಟರ್ ಮಾಡುವ ಒಂದು ಕಂಪನಿ. ಅದರ ಹೆಸರು ಮಾತ್ರ ನಾನು ಬರೆಯುವುದಿಲ್ಲ. ಬರೆದರೆ ಈ ಪ್ರಬಂಧಕ್ಕೂ ಅವರೇ ಪ್ರಾಯೋಜಕರಾಗಿಬಿಡುತ್ತಾರೆ.

ಒಂದು ಹನಿ ನೀರು ಹರಿಯದ ಗ್ರಹಕ್ಕೂ ನೀರೆತ್ತುವ ಮೋಟರಿಗೂ ಏನು ಸಂಬಂಧ ಎಂದು ಕೇಳಬೇಡಿ. ಕಂಪನಿಯವರು ಸಂಬಂಧ ಕಟ್ಟಿದ್ದರು. 'ಮಂಗಳನ ಮೇಲೆ ಒಂದಾನೊಂದು ಕಾಲದಲ್ಲಿ ನದಿಗಳು ಹರಿಯುತ್ತಿದ್ದವು' ಎಂಬ ಚಿತ್ರದ ಕೆಳಗೆ 'ಎಷ್ಟೇ ಆಳವಿರಲಿ, ನಾವಿದ್ದೇವೆ' ಎಂದಿತ್ತು. ಆರು ಗಾಲಿಯ ಗಾಡಿಯ ಹಣೆಗೆ ಐದು ಹೆಚ್.ಪಿ. ಮೋಟರಿನ ಚಿತ್ರ ಅಂಟಿಸಿದ್ದರು. ಗಾಜಿನ ಪೆಟ್ಟಿಗೆಯ ಮಣ್ಣಿನಲ್ಲಿ ಅಂಗೈಯುದ್ದದ ಒಂದು ಮೋಟರು ನೆಟ್ಟು, ಅದರಿಂದ ನೀಲಿ ಪ್ಲಾಸ್ಟಿಕ್ಕಿನ ನೀರು ಚಿಮ್ಮಿಸಿದ್ದರು. ವಿಜ್ಞಾನಿಗಳು ಇಷ್ಟು ವರ್ಷ ಹುಡುಕುತ್ತಿರುವ ನೀರು ನಮ್ಮ ಸಿಂಧನೂರಿನ ಮೈದಾನದಲ್ಲಿ ಸಿಕ್ಕಿತು.

ಬಸ್ಸಿನ ಜೊತೆ ಬಂದ ಮೇಲ್ವಿಚಾರಕಿಯ ಹೆಸರು ಅನಘಾ. ಪುಣೆಯ ಹುಡುಗಿ, ಮೂವತ್ತಾಗಿರಲಿಕ್ಕಿಲ್ಲ. ಕನ್ನಡ ಅಷ್ಟಿಷ್ಟು ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಎರಡು ದಿನ ಸಿಂಧನೂರು, ಶನಿವಾರ ಲಿಂಗಸುಗೂರು ಎಂದು ಅವಳ ಕಾಗದದಲ್ಲಿತ್ತು. ಇಲ್ಲಿಂದಲೇ ನನ್ನ ಮನೆಯಲ್ಲಿ ತಾಪತ್ರಯ ಶುರುವಾದದ್ದು.

ಸರೋಜ ಮಸ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ದಿನಾ ಬೆಳಿಗ್ಗೆ ಸಿಂಧನೂರಿನಿಂದ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಾಳೆ. ಅವಳ ತರಗತಿಯ ಗೋಡೆಯ ಮೇಲೆ ಸೌರಮಂಡಲದ ಹಳೆಯ ಚಾರ್ಟು ಒಂದಿದೆ. ಅದರಲ್ಲಿ ಮಂಗಳ ಇರಬೇಕಾದ ಜಾಗವನ್ನು ಗೆದ್ದಲು ತಿಂದಿದೆ. ಹಿಂದಿನ ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿದದ್ದರಿಂದ ಆ ತೂತಿನಲ್ಲಿ ಕೆಂಪಗೆ ಕಾಣುತ್ತದೆ. ಸರೋಜ ಎಂಟು ವರ್ಷಗಳಿಂದ ಆ ತೂತಿಗೆ ಕೋಲು ತಾಗಿಸಿ, 'ಇದು ಮಂಗಳ' ಎಂದು ಪಾಠ ಮಾಡುತ್ತಿದ್ದಾಳೆ. ಮಂಗಳನ ಬಸ್ಸು ಮಸ್ಕಿಯ ಮೇಲೆಯೇ ಲಿಂಗಸುಗೂರಿಗೆ ಹೋಗುತ್ತದೆಂದು ಗೊತ್ತಾದ ದಿನ ಅವಳು ಒಂಬತ್ತನೇ ತರಗತಿಗೆ ಮಾತು ಕೊಟ್ಟುಬಿಟ್ಟಳು, ನಿಮಗೆ ನಿಜವಾದದ್ದನ್ನು ತೋರಿಸುತ್ತೇನೆ ಎಂದು.

ಮಸ್ಕಿಯಲ್ಲೊಮ್ಮೆ ನಿಲ್ಲಿಸಿ ಎಂದು ಕೇಳಿದರೆ ಅನಘಾ ಆಗುವುದಿಲ್ಲ ಎಂದಳು. ಬಸ್ಸು ನಿಲ್ಲುವುದು ಕಂಪನಿಯ ಡೀಲರ್ ಇರುವ ಊರುಗಳಲ್ಲಿ ಮಾತ್ರ. ಮಸ್ಕಿಯಲ್ಲಿ ಡೀಲರ್ ಇಲ್ಲ. ಸರೋಜ ಕಣ್ಣರಳಿಸಿ ಕೇಳಿದಳು:

"ಮಂಗಳದಾಗರ ಡೀಲರ್ ಅದಾನೇನವ್ವಾ?"

ಅನಘಾ ಪಾಪ ಒಳ್ಳೆಯ ಹುಡುಗಿ. ಇದನ್ನು ಮೇಲಿನವರಿಗೆ ತಿಳಿಸುತ್ತೇನೆ ಎಂದಳು. ಮೇಲಿನವರೂ ಇಲ್ಲವೆಂದರು. ಅಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ನನ್ನ ಸೋದರತ್ತೆಯ ಹೆಸರು ಎರಡು ಸಲ ನೆಲಕ್ಕೆ ಬಿತ್ತು.

ಈ ನಡುವೆ ನಗರಸಭೆಯ ಕಚೇರಿಯಿಂದ ಒಬ್ಬರು ಬಂದು ಬಸ್ಸಿನ ಮುಂದೆ ಕನ್ನಡದ ಫಲಕ ಕಡ್ಡಾಯ, ಅದೂ ದೊಡ್ಡದಾಗಿ, ಅದೂ ಇವತ್ತೇ ಎಂದು ಹೇಳಿಹೋದರು. ಅನಘಾ ಗಾಬರಿಯಾಗಿ ಖಾಜಾಸಾಬನ ಅಂಗಡಿಗೆ ಓಡಿದಳು. ಕಂಪನಿಯ ಅಧ್ಯಕ್ಷರ ಹೆಸರು, ಅವರ ದೂರದೃಷ್ಟಿಯ ಕುರಿತು ಇಂಗ್ಲಿಷಿನಲ್ಲಿ ಒಂದು ವಾಕ್ಯ, ಅವರದೊಂದು ದೊಡ್ಡ ಫೋಟೋ, ಇಷ್ಟನ್ನು ಕೊಟ್ಟಳು. ಆ ಫೋಟೋವನ್ನು ಯಾವುದೋ ಭಾರಿ ಕಲಾವಿದ ತೆಗೆದಿದ್ದನಂತೆ. ಪೂರ್ತಿ ಕಪ್ಪು-ಬಿಳುಪು. ಅಧ್ಯಕ್ಷರು ನಮ್ಮನ್ನು ನೋಡದೆ, ತುಸು ಮುಗುಳ್ನಗುತ್ತ, ಆಕಾಶದ ಕಡೆ ನೋಡುತ್ತಿದ್ದಾರೆ.

ಖಾಜಾಸಾಬ ನನಗೆ ಫೋನು ಮಾಡಿದ. ನಾನು ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದೆ. ಏನು ಎತ್ತ ಎಂದು ವಿಚಾರಿಸದೆ ನಾನಂದದ್ದು ಇಷ್ಟೇ: "ಮಾದರಿ ಎರಡು ಹಾಕು, ಹೆಸರು ಬದಲು ಮಾಡು, ಮ್ಯಾಲೆ ಮಂಗಳ ಗ್ರಹ ಯಾತ್ರೆ ಅಂತ ಬರಿ."

ಮಾದರಿ ಎರಡು ಎಂದರೆ ದಾನಿಗಳ ಫಲಕ. ಅದು ಯಾವ ದಾನಿಗಳದೆಂದು ನಿಮಗೆ ಈಗಾಗಲೇ ಹೇಳಿದ್ದೇನೆ.

ಮರುದಿನ, ಅಂದರೆ ಗುರುವಾರ, ಶಾಲೆ ಬಿಟ್ಟ ಮೇಲೆ ಮೈದಾನಕ್ಕೆ ಹೋಗಿ ನೋಡುತ್ತೇನೆ, ಬಸ್ಸಿನ ಮುಂದೆ ಆಳೆತ್ತರದ ಹಲಗೆ. ಮೇಲೆ 'ಮಂಗಳ ಗ್ರಹ ಯಾತ್ರೆ'. ನಡುವೆ ಆಕಾಶ ನೋಡುತ್ತಿರುವ ಅಧ್ಯಕ್ಷರು. ಅವರ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ 'ಇವರ ಸ್ಮರಣಾರ್ಥ'. ಕೊನೆಗೆ 'ಕಂಪನಿ ಹಾಗೂ ಸಮಸ್ತ ಬಂಧು ಬಾಂಧವರು'. ಫೋಟೋದ ಎಡಬಲಕ್ಕೆ ಎರಡು ಉರಿಯುವ ದೀಪಗಳು. ದೀಪ ನನ್ನ ಮಾದರಿಯಲ್ಲಿರಲಿಲ್ಲ, ಖಾಜಾಸಾಬನ ಭಕ್ತಿ.

ಹಾರ ಆಗಲೇ ಬಿದ್ದಿತ್ತು. ಜನ ಚಪ್ಪಲಿ ಕಳಚಿ, ಮೊದಲು ಅಧ್ಯಕ್ಷರಿಗೆ ಕೈಮುಗಿದು, ಆಮೇಲೆ ಮಂಗಳಕ್ಕೆ ಹತ್ತುತ್ತಿದ್ದರು. ಯಾರೋ ಕಾಯಿ ಒಡೆದಿದ್ದರು. ಅವರು ಮಂಗಳಕ್ಕೆ ಹೊರಟಾಗ ದಾರಿಯಲ್ಲೇ ಹೋದರಂತೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. ಖಾಜಾಸಾಬನನ್ನು ಬಸ್ಸಿನ ಹಿಂದಕ್ಕೆ ಎಳೆದುಕೊಂಡು ಹೋದೆ.

"ಅರೆ ಮಾಸ್ತರ, ಬದುಕ್ಯಾರಂತ ನನಗ್ಯಾರು ಹೇಳ್ಯಾರ?" ಎಂದು ಅವನು ನನ್ನ ಮೇಲೆಯೇ ಏರಿಬಂದ. "ಬದುಕಿದ್ದಾಂವ ಹಂಗ್ಯಾಕ ಮ್ಯಾಲೆ ನೋಡ್ತಾನ? ಕ್ಯಾಮೆರಾ ಮುಂದ ಇರ್ತದ, ಮ್ಯಾಲಲ್ಲ."

ವಾದದಲ್ಲಿ ಹುರುಳಿತ್ತು. ಅನಘಾಳಿಗೆ ಹೇಳಲೆಂದು ಹೋದರೆ, ಆಕೆ ಸಂತೋಷದಿಂದ ಹಿಗ್ಗಿಹೋಗಿದ್ದಳು. ಇಷ್ಟೊಂದು ಊರು ತಿರುಗಿದ್ದೇನೆ, ಟೋಪಿ ಹಂಚಿದರೂ ಜನ ನಮ್ಮ ಅಧ್ಯಕ್ಷರ ಕಡೆ ತಿರುಗಿ ನೋಡುವುದಿಲ್ಲ, ಇಲ್ಲಿ ಹೂವು ತರುತ್ತಿದ್ದಾರೆ ಎಂದಳು. ಹಾರ, ದೀಪ ಎಲ್ಲ ಈ ಕಡೆಯವರು ಗೌರವ ತೋರಿಸುವ ರೀತಿಯೆಂದೇ ಅವಳು ತಿಳಿದಿದ್ದಳು. ಫೋಟೋ ತೆಗೆದು ಹೈದರಾಬಾದಿಗೆ ಕಳಿಸಿಯೂ ಆಗಿತ್ತು. ಹೇಳದೆ ಮನೆಗೆ ಬಂದೆ.

ಮನೆಯಲ್ಲಿ ಸರೋಜಳಿಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತಿದ್ದೆ. ಅವಳು ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಈಗ ಹೇಳಬ್ಯಾಡ್ರಿ," ಎಂದಳು. "ಲಿಂಗಸುಗೂರು ಮುಟ್ಟಿದ ಮ್ಯಾಲೆ ಹೇಳ್ರಿ."

ಹೆಂಡತಿ ನನ್ನ ಪರ ನಿಂತಳಲ್ಲ ಎಂಬ ಸಂತೋಷದಲ್ಲಿ, ಅವಳು ಲಿಂಗಸುಗೂರೆಂದು ಯಾಕೆ ಅಂದಳು ಎಂದು ನಾನು ವಿಚಾರ ಮಾಡಲಿಲ್ಲ.

ಶುಕ್ರವಾರ ಅನಘಾ ನನಗೊಂದು ಬಿಲ್ಲೆ ಕೊಟ್ಟು ವಿವರಣೆಗಾರನನ್ನಾಗಿ ಮಾಡಿಕೊಂಡಳು. ಬಿಲ್ಲೆಯ ಮೇಲೆ ಮೋಟರಿನ ಚಿತ್ರವಿತ್ತು. ಮಂಗಳದ ಬಗ್ಗೆ ನನಗೆ ಗೊತ್ತಿದ್ದದ್ದು ಸರೋಜ ಹೇಳಿದಷ್ಟು, ಅದನ್ನೇ ಗಂಭೀರವಾಗಿ ಹೇಳುತ್ತಿದ್ದೆ. ಗೊರೇಬಾಳದ ಭೀಮಣ್ಣ ಎಂಬ ಗದ್ದೆಯ ರೈತರು ಒಬ್ಬರು ಮಾತ್ರ ನನಗಿಂತ ಗಂಭೀರರಾಗಿದ್ದರು. ಗಾಜಿನ ಪೆಟ್ಟಿಗೆಯ ಮುಚ್ಚಳ ಸರಿಸಿ ಒಂದು ಚಿಟಿಕೆ ಮಂಗಳವನ್ನು ಬೆರಳಿನಲ್ಲಿ ಹೊಸಕಿ ನೋಡಿ, "ಇದು ಮುದಗಲ್ ಕಡೀ ಮಣ್ಣಿನಂಗೈತಿ, ಭತ್ತಕ್ಕ ಬರಂಗಿಲ್ಲ" ಎಂದರು. ಒಣಗಿದ ನದಿಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ನೀರು ಹರೀತಿತ್ತು, ಈಗಿಲ್ಲ. ಹೌದಲ್ರಿ?"

ಹೌದೆಂದೆ. ಯಾಕೆ ನಿಂತಿತೆಂದು ವಿಜ್ಞಾನಿಗಳು ಇನ್ನೂ ಶೋಧಿಸುತ್ತಿದ್ದಾರೆ ಎಂದೆ.

"ಅದರಾಗೇನ್ ಶೋಧ ಮಾಡೋದ್ರಿ? ಕಾಲುವಿ ತುದ್ಯಾಗಿನ ಜಮೀನು ಅದು. ಮ್ಯಾಲಿನವ್ರು ತೂಬು ಒಡದು ಬಿಟ್ಕೊಂಡಾರ. ಕೆಳಗ ಎಲ್ಲಿ ಬರ್ತದ?" ಎಂದು ಭೀಮಣ್ಣ ಮಂಗಳದ ಕಡೆ ಮರುಕದಿಂದ ನೋಡಿದರು. "ಅರ್ಜಿ ಕೊಟ್ಟಾರೋ ಇಲ್ಲೋ."

ಎಡದಂಡೆ ಕಾಲುವೆಯ ನೀರನ್ನು ನಂಬಿ ಬದುಕುವ ಊರುಗಳಲ್ಲಿ ಮಂಗಳ ಗ್ರಹದ ಮೇಲೆ ಇಷ್ಟು ಹೃತ್ಪೂರ್ವಕ ಸಹಾನುಭೂತಿ ಹುಟ್ಟುತ್ತದೆಂದು ನಾನು ಊಹಿಸಿರಲಿಲ್ಲ.

ಅವತ್ತೇ ಸಂಜೆ ಅನಘಾ ಓಡಿಬಂದು ಸಿಹಿಸುದ್ದಿ ಹೇಳಿದಳು. ಫೋಟೋಗಳನ್ನು ನೋಡಿ ಅಧ್ಯಕ್ಷರು ಕರಗಿಹೋಗಿದ್ದಾರಂತೆ. ಇಷ್ಟು ಅಭಿಮಾನದ ಜನರನ್ನು ಕಣ್ಣಾರೆ ನೋಡಬೇಕೆಂದು ಶನಿವಾರ ಖುದ್ದಾಗಿ ಲಿಂಗಸುಗೂರಿಗೆ ಬರುತ್ತಾರಂತೆ. ಅವಳಿಗೆ ಬಡ್ತಿಯೂ ಸಿಗಬಹುದಂತೆ. ನಾನು 'ಬಹಳ ಸಂತೋಷ' ಎಂದೆ. ತನ್ನ ಶ್ರದ್ಧಾಂಜಲಿಗೆ ತಾನೇ ಹೊರಟುನಿಂತ ಮನುಷ್ಯರ ಬಗ್ಗೆ ಬೇರೇನು ಹೇಳಬೇಕೆಂದು ಯಾವ ಮಾದರಿಯಲ್ಲೂ ಇರಲಿಲ್ಲ.

ಇಲ್ಲಿ ಒಂದು ಕ್ಷಣ ಬಸ್ಸು ನಿಲ್ಲಿಸಿ ಮಸ್ಕಿಯ ಬಗ್ಗೆ ಹೇಳಬೇಕು. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ದೊರೆ ಈ ದೇಶದ ಉದ್ದಗಲಕ್ಕೂ ಬಂಡೆಗಳ ಮೇಲೆ ಒಳ್ಳೆಯ ಮಾತುಗಳನ್ನು ಕೊರೆಸಿದ. ಖರ್ಚೆಲ್ಲ ಅವನದೇ, ಆದರೆ ಹೆಸರು ಹಾಕಿಸಲಿಲ್ಲ, ಬಿರುದಷ್ಟನ್ನೇ ಹಾಕಿಸಿದ. ಯಾರಪ್ಪ ಈ ಬಿರುದಿನವನು ಎಂದು ಪಂಡಿತರು ಬಹಳ ಕಾಲ ತಲೆ ಕೆರೆದುಕೊಂಡರು. ಕೊನೆಗೆ ಬಂಗಾರ ಹುಡುಕಲು ಬಂದ ಒಬ್ಬ ಇಂಜಿನಿಯರಿನ ಕಣ್ಣಿಗೆ ಮಸ್ಕಿಯ ಗುಡ್ಡದ ಒಂದು ಬಂಡೆ ಬಿತ್ತು, ಅದರಲ್ಲಿ ದೊರೆಯ ಹೆಸರಿತ್ತು. ಇಡೀ ದೇಶಕ್ಕೆ ಅವನು ಯಾರೆಂದು ತಿಳಿದದ್ದು ಅಲ್ಲಿಂದ. ಆ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅಷ್ಟು ಸಂಕೋಚದ ಮನುಷ್ಯನನ್ನು ನಾನ್ಯಾಕೆ ಬಯಲಿಗೆಳೆಯಲಿ? ಬೇಕಾದವರು ಮಸ್ಕಿಗೆ ಹೋಗಿ ಓದಿಕೊಳ್ಳಿ.

ನಾವೂ ಮಸ್ಕಿಗೆ ಹೋದೆವು. ಶನಿವಾರ ಬೆಳಿಗ್ಗೆ ಬಸ್ಸು ಹೊರಟಾಗ ನಾನು ಶಾಲೆಗೆ ರಜೆ ಹಾಕಿ, ವಿವರಣೆಗಾರನ ಬಿಲ್ಲೆ ತೊಟ್ಟು ಡ್ರೈವರಿನ ಪಕ್ಕ ಕೂತಿದ್ದೆ, ಹಿಂದಿನ ಸೀಟಿನಲ್ಲಿ ಅನಘಾ. ಫಲಕವನ್ನು ಬಸ್ಸಿನ ಮುಂಭಾಗಕ್ಕೆ ಹಗ್ಗ ಹಾಕಿ ಕಟ್ಟಿದ್ದರು, ಹಾರ ಸಮೇತ. ಮಸ್ಕಿ ಊರೊಳಗೆ ಬರುತ್ತಿದ್ದಂತೆ ಡ್ರೈವರ್ ಬ್ರೇಕು ಹಾಕಿದ. ಹೆಣ್ಣುಮಕ್ಕಳ ಶಾಲೆಯ ಮುಂದೆ ರಸ್ತೆ ತುಂಬಿತ್ತು. ನೀಲಿ ಸಮವಸ್ತ್ರದ ಹುಡುಗಿಯರು ಇಬ್ಬಿಬ್ಬರಾಗಿ ಸಾಲುಗಟ್ಟಿ ನಿಂತಿದ್ದರು, ಕೈಯಲ್ಲಿ ಒಂದೊಂದು ಚೆಂಡುಹೂವು. ಅವರ ಹಿಂದೆ ಅಂಗಡಿಯವರು, ಆಟೋದವರು, ಬಜಾರಿಗೆ ಬಂದವರು, ಎಲ್ಲರೂ ಗಂಭೀರರಾಗಿ. ಮುಂದೆ ನನ್ನ ಹೆಂಡತಿ.

ನಮ್ಮಲ್ಲಿ ದೊಡ್ಡವರ ಕೊನೆಯ ಯಾತ್ರೆ ಊರ ಮೇಲೆ ಹಾದುಹೋಗುವಾಗ ಗಾಡಿ ನಿಲ್ಲಿಸಿ ಹೂವು ಹಾಕಿಯೇ ಮುಂದೆ ಕಳಿಸುವುದು. ನಿಲ್ಲಿಸದಿದ್ದರೆ ಊರಿಗೇ ಅವಮಾನ. ಮಂಗಳ ಯಾತ್ರೆಯ ದಾನಿಗಳ ಫೋಟೋ ಶನಿವಾರ ಈ ಮಾರ್ಗವಾಗಿ ಬರುತ್ತದೆ ಎಂದು ಸರೋಜ ಮಸ್ಕಿಯಲ್ಲಿ ಇಬ್ಬರಿಗೆ ಹೇಳಿದ್ದಳಂತೆ, ಅಷ್ಟೇ. ಉಳಿದದ್ದನ್ನು ಊರು ಮಾಡಿತ್ತು. ಸುಳ್ಳನ್ನೇನೂ ಹೇಳಿಲ್ಲವಲ್ಲ ಎಂದು ಆಮೇಲೆ ನನ್ನ ಮುಖಕ್ಕೇ ಹೇಳಿದಳು.

ಅನಘಾ ಏನೂ ತಿಳಿಯದೆ ಬಾಗಿಲು ತೆರೆದಳು. ಹೂವು ಬಿದ್ದವು. "ಅಷ್ಟು ದೂರದಿಂದ ಬಂದೀರಿ, ಮಕ್ಕಳು ಒಳಗ ಒಂದೀಟು ನೋಡ್ಲಿ" ಎಂದು ಸರೋಜ ಆಕೆಯ ಕೈ ಹಿಡಿದಳು. ಅಷ್ಟು ಹೂವಿನ ಮುಂದೆ ಇಲ್ಲವೆನ್ನುವುದು ಅನಘಾಳಿಂದ ಆಗಲಿಲ್ಲ. ಹುಡುಗಿಯರು ಹತ್ತತೊಡಗಿದರು.

ನಾಲ್ಕನೆಯ ಜೋಡಿ ಇಳಿಯುವಷ್ಟರಲ್ಲಿ ನಮ್ಮ ಹಿಂದೆ ಒಂದು ಬಿಳಿ ಕಾರು ಬಂದು ನಿಂತು ಹಾರ್ನ್ ಹೊಡೆಯಿತು. ಅದರಿಂದ ಅರವತ್ತು ದಾಟಿದ, ಬೋಳುತಲೆಯ, ದಪ್ಪ ಕನ್ನಡಕದ ಒಬ್ಬರು ಇಳಿದರು. ಅನಘಾಳ ಮುಖದ ಬಣ್ಣ ಇಳಿದದ್ದನ್ನು ನೋಡಿಯೇ ಅವರು ಅಧ್ಯಕ್ಷರೆಂದು ನನಗೆ ತಿಳಿಯಿತು. ಫೋಟೋ ಹದಿನೈದು ವರ್ಷ ಹಳೆಯದಿರಬೇಕು, ಬೇರೆ ಯಾರಿಗೂ ಗುರುತು ಹತ್ತಲಿಲ್ಲ. ಹೈದರಾಬಾದಿನವರಾದರೂ ರಾಯಚೂರಿನ ಕಡೆ ವ್ಯಾಪಾರ ಮಾಡಿದವರು, ಕನ್ನಡ ಕಿವಿಗೆ ಹತ್ತುತ್ತದೆ, ಕಣ್ಣಿಗೆ ಹತ್ತುವುದಿಲ್ಲ. ಅವರು ಬಸ್ಸಿನ ಮುಂದೆ ಬಂದು, ತಮ್ಮ ಫೋಟೋದ ಕೊರಳಿಗೆ ಬಿದ್ದ ಹಾರವನ್ನೂ ಎರಡು ದೀಪಗಳನ್ನೂ ಹೊಗೆಯಾಡುವ ಊದಿನಕಡ್ಡಿಯನ್ನೂ ನೋಡಿದರು. ವ್ಯಾಪಾರಸ್ಥರಲ್ಲವೇ, ಏನೋ ಎಡವಟ್ಟಾಗಿದೆಯೆಂದು ವಾಸನೆಯಿಂದಲೇ ಗೊತ್ತಾಯಿತು. ಬಸ್ಸು ತೆಗೆಯಿರಿ, ಈಗಲೇ, ಎಂದು ಅನಘಾಳ ಮೇಲೆ ಗುಡುಗಿದರು.

ಸರೋಜ ನಡುವೆ ಬಂದಳು.

"ಏನ್ರೀ ಹಿರ್ಯಾರ, ನೋಡಾಕ ಓದಿದವ್ರಂಗ ಕಾಣ್ತೀರಿ. ದೊಡ್ಡವ್ರೊಬ್ರು ಹೋಗ್ಯಾರ, ಅವ್ರ ಫೋಟೋದ ಮುಂದ ನಿಂತು ಒದರ್ತೀರೇನು? ಚಪ್ಲಿ ಬಿಟ್ಟು ಸಾಲಿನ್ಯಾಗ ನಿಂದರ್ರಿ. ಎಲ್ಲಾರಿಗೂ ಪಾಳಿ ಬರ್ತದ."

ಅವಳ ಆ ದನಿ ನನಗೆ ಚೆನ್ನಾಗಿ ಗೊತ್ತು. ಅದನ್ನು ಮೀರಿದ ಗಂಡಸನ್ನು ನಾನಿನ್ನೂ ಕಂಡಿಲ್ಲ. ಅಧ್ಯಕ್ಷರು ಬೂಟು ಬಿಚ್ಚಿ ಸಾಲಿನಲ್ಲಿ ನಿಂತರು.

ಅವರ ಮುಂದೆ ನಿಂತಿದ್ದವರು ಭೀಮಣ್ಣ. ಮಸ್ಕಿಯ ಮಗಳ ಮನೆಗೆ ಬಂದವರು ಗದ್ದಲ ಕೇಳಿ ಬಂದಿದ್ದರು. ಎಲ್ಲಿಯವರೆಂದು ಕೇಳಿದರು, ಹೈದರಾಬಾದ್ ಎಂಬ ಉತ್ತರ ಬಂತು.

"ಹಂಗಾರ ಅವ್ರ ಊರವ್ರಾ ಆದ್ರಿ. ಏನಾಗಿತ್ರೀ ಅವ್ರಿಗೆ? ವಯಸ್ಸೇನು ಭಾಳ ಇದ್ದಂಗಿಲ್ಲ."

ಅಧ್ಯಕ್ಷರು ತಮಗೆ ಗೊತ್ತಿಲ್ಲವೆಂದರು. ಅದು ನಿಜವೂ ಆಗಿತ್ತು.

"ನಂದೊಂದು ಮೋಟರ್ ಇತ್ರೀ, ಇವ್ರ ಕಂಪನೀದು. ಒಂದ ಬೆಳಿ ತಗಿಯೋದ್ರಾಗ ಸುಟ್ಟು ಕುಂತಿತು. ಮೂರ ಸಲ ಅಂಗಡಿಗೆ ಹೋದೆ, ಯಾರೂ 'ಯಾಕ' ಅನಲಿಲ್ಲ. ಸಿಟ್ಟಿನ್ಯಾಗ ಈ ಮಾಲಕರಿಗೆ ಬಾಯಿಗೆ ಬಂದಂಗ ಬೈದೀನ್ರಿ. ನಿನ್ನೆ ಸಿಂಧನೂರಾಗ ಫೋಟೋ ನೋಡಿದ್ರ ಮನಷ್ಯಾನ ಹೋಗ್ಯಾನ." ಭೀಮಣ್ಣ ಟವೆಲ್ಲಿನಿಂದ ಮೂಗು ಒರೆಸಿಕೊಂಡರು. "ಎದಿಯಾಗ ಕೆಟ್ಟ ಅನಸಾಕತ್ತೈತಿ. ಕೈಮುಗದು ತಪ್ಪಾತಂದು ಹೋಗಾಮಂತ ನಿಂತೀನಿ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಆ ಮೋಟರನ್ನು ಲಿಂಗಸುಗೂರಿನ ಅಂಗಡಿಗೆ ತನ್ನಿ, ಹೊಸದು ಕೊಡಿಸುತ್ತೇನೆ ಎಂದು ಹರಕು ಕನ್ನಡದಲ್ಲಿ ಹೇಳಿದರು.

"ನೀವು ಕಂಪನಿಯವ್ರಾ?" ಭೀಮಣ್ಣ ಅವರ ಕೈ ಹಿಡಿದುಕೊಂಡರು. "ಹಂಗಾರ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಮಾಲಕರು ಇದ್ದಾಗ ಆಗಿದ್ದು ಆತು. ಇನ್ನ ಮ್ಯಾಲಾದ್ರೂ ಛಲೋ ಮೋಟರ್ ಮಾಡಿ ಅವ್ರ ಹೆಸರು ಉಳಸ್ರಿ."

ಅಧ್ಯಕ್ಷರು ನನ್ನ ಎದೆಯ ಮೇಲಿನ ಬಿಲ್ಲೆ ನೋಡಿ, ಫಲಕದ ಕಡೆ ಕೈತೋರಿಸಿ, ಅದರಲ್ಲಿ ಏನು ಬರೆದಿದೆ ಓದಿ ಹೇಳು ಎಂದರು.

ನಿಮಗೆ ನಿಜ ಹೇಳುತ್ತೇನೆ. ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಐದಾರು ಸುಂದರವಾದ ಸುಳ್ಳುಗಳು ಬಂದುಹೋದವು. 'ಇವರ ದೂರದೃಷ್ಟಿಯ ಫಲವಾಗಿ' ಎಂದು ಓದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಿದರೆ ಬಸ್ಸು ಹೊರಟೇಬಿಡುತ್ತದೆ, ಇನ್ನೂ ಅರ್ಧ ತರಗತಿ ಹೂವು ಹಿಡಿದು ಬಿಸಿಲಲ್ಲಿ ನಿಂತಿದೆ, ಅನಘಾಳ ಕೆಲಸ ಹೋಗುತ್ತದೆ. ಸರೋಜ ದೂರದಿಂದ ನನ್ನನ್ನೇ ನೋಡುತ್ತಿದ್ದಳು. ಆದರೆ ಒಬ್ಬ ರೈತ ತನ್ನ ಬೈಗುಳಕ್ಕೆ ತಾನೇ ತಪ್ಪೊಪ್ಪಿಕೊಳ್ಳಲು ನಿಂತ ಸಾಲಿನಲ್ಲಿ, ನನ್ನ ತಪ್ಪನ್ನು ಮುಚ್ಚಿಕೊಳ್ಳಲು ನನಗೆ ನಾಚಿಕೆಯಾಯಿತು. ಅಕ್ಷರ ಬಿಡದೆ ಓದಿದೆ. ಅರ್ಥವನ್ನೂ ಹೇಳಿದೆ. ಬರೆದವನು ನಾನೇ, ಈ ಹುಡುಗಿಗೆ ಓದಲು ಬರುವುದಿಲ್ಲ, ಅವಳದೇನೂ ತಪ್ಪಿಲ್ಲ ಎಂದೆ.

ಅವರು ತಮ್ಮ ಫೋಟೋವನ್ನು ನೋಡಿದರು. ಆಮೇಲೆ ಸಾಲು ಎಲ್ಲಿಯವರೆಗಿದೆ ಎಂದು ಹಿಂತಿರುಗಿ ನೋಡಿದರು. ಅದು ತಿರುವು ದಾಟಿ ಕಾಣದಾಗಿತ್ತು.

ಬದುಕಿದ್ದಾಗ ನನಗೆ ಇಷ್ಟು ಜನ ಸೇರಿರಲಿಲ್ಲ ಎಂದರು, ಯಾರಿಗೂ ಅಲ್ಲದಂತೆ.

ಅನಘಾ ಕಣ್ಣೀರು ತಡೆದುಕೊಂಡು, ಬಸ್ಸು ತೆಗೆಸಲೇ ಎಂದು ಕೇಳಿದಳು. ಅವರು ಬೇಡವೆಂದು ತಲೆಯಾಡಿಸಿ, "ಪಾಳಿ ಮುಗೀಲಿ" ಎಂದರು. ಆ ಒಂದು ಮಾತನ್ನು ಅವರು ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದರು, ಈಗಷ್ಟೇ ಕಲಿತಿದ್ದರಲ್ಲ.

ಅವರ ಪಾಳಿ ಬಂದಾಗ ಅವರೂ ಹತ್ತಿದರು. ಕೊನೆಯ ಹುಡುಗಿ ಇಳಿದದ್ದು ಬಿಸಿಲೇರಿದ ಮೇಲೆ. ಬೆರಳ ತುದಿಯಲ್ಲಿ ಕೆಂಪು ಹುಡಿ ಅಂಟಿಸಿಕೊಂಡು ಹುಡುಗಿಯರೆಲ್ಲ ಕಟ್ಟೆಯ ಮೇಲೆ ಕೂತು ಮಂಗಳನ ಗಾಳಿ ಹೇಗೆ ಕೂಗುತ್ತದೆಂದು ಒಬ್ಬರಿಗೊಬ್ಬರು ಕೂಗಿ ತೋರಿಸುತ್ತಿದ್ದರು. ಸರೋಜ ಅವರ ನಡುವೆ ನಿಂತಿದ್ದಳು. ಇಷ್ಟು ವರ್ಷ ಒಂದು ತೂತಿಗೆ ಕೋಲು ತಾಗಿಸಿ ಪಾಠ ಮಾಡಿದ ಆ ಹೆಂಗಸಿನ ಮೇಲೆ ನನಗೆ ಅವತ್ತು ಹುಟ್ಟಿದ ಪ್ರೀತಿಯನ್ನು ಬರೆಯಲು ನನ್ನ ಯಾವ ಮಾದರಿಯೂ ಸಾಲದು.

ಅಧ್ಯಕ್ಷರು ಹೊರಡುವ ಮುಂಚೆ ಒಂದೇ ಷರತ್ತು ಹಾಕಿದರು, ಆ ಫಲಕ ಲಿಂಗಸುಗೂರಿಗೆ ಬರಕೂಡದು. ಬಿಚ್ಚಿ ಕೆಳಗಿಟ್ಟರು. ಒಳ್ಳೆಯ ದಪ್ಪ ಹಲಗೆ, ಯಾಕೆ ಹಾಳು ಮಾಡುತ್ತೀರಿ, ನಮ್ಮ ಶಾಲೆಗೆ ಕೊಡಿ ಎಂದಳು ಸರೋಜ. ಅವರು ಕೊಟ್ಟರು. ಭೀಮಣ್ಣನಿಗೆ ಮೋಟರು ಬಂತು. ಅನಘಾಳ ಕೆಲಸ ಉಳಿಯಿತು, ಬಡ್ತಿ ಬರಲಿಲ್ಲ. ಈಗ ಕನ್ನಡ ಓದಲು ಕಲಿಯುತ್ತಿದ್ದಾಳಂತೆ.

ಮುಂದಿನ ವಾರ ಖಾಜಾಸಾಬ ಮಸ್ಕಿಗೆ ಹೋಗಿ ಹಲಗೆಯನ್ನು ಮಗುಚಿ ಹಿಂಬದಿಯಲ್ಲಿ ಮಂಗಳ ಗ್ರಹ ಬರೆದ. ಶಾಲೆಯ ಗೋಡೆಗೆ ಬಳಿದು ಉಳಿದಿದ್ದ ಕೆಮ್ಮಣ್ಣಿನ ಬಣ್ಣವೇ ಸಾಕಾಯಿತು. ಮುಗಿಸಿದ ಮೇಲೆ, ಕೈ ಸುಮ್ಮನಿರಬೇಕಲ್ಲ, ಎಡಕ್ಕೊಂದು ಬಲಕ್ಕೊಂದು ದೀಪ ಬರೆಯಲು ಹೊರಟ. ನಾನು ಹೌಹಾರಿ ಹಲಗೆಗೆ ಅಡ್ಡ ನಿಂತೆ. ಸರೋಜ ಮಾತ್ರ ಬರೆಯಲಿ ಬಿಡ್ರಿ ಎಂದಳು. ಮಂಗಳಕ್ಕೆ ಎರಡು ಉಪಗ್ರಹಗಳಿವೆಯಂತೆ. ಖಾಜಾಸಾಬನ ದೀಪಗಳು ಗುಂಡಗಾಗಿ ಎರಡು ಚಂದ್ರರಾದವು. ಕೆಳಗೆ ಯಾರ ಹೆಸರು ಬರೆಯಲಿ ಎಂದು ಅವನು ಕೇಳಿದ. ಒಬ್ಬ ದೊರೆಯ ಹೆಸರನ್ನು ಲೋಕಕ್ಕೆ ಕೊಟ್ಟ ಊರಿನಲ್ಲಿ ನಿಂತುಕೊಂಡು ನಾನು ಮೊದಲ ಸಲ ಮ್ಯಾಟರ್ ಇಲ್ಲವೆಂದೆ.

ಆ ಹಲಗೆ ಈಗ ಗೆದ್ದಲು ತಿಂದ ಚಾರ್ಟಿನ ಪಕ್ಕದಲ್ಲಿ ತೂಗುತ್ತಿದೆ. ಮಂಗಳ ನಮ್ಮ ಕಡೆಗೆ, ಅಧ್ಯಕ್ಷರು ಗೋಡೆಯ ಕಡೆಗೆ. ಹುಡುಗಿಯರು ಆಗಾಗ ಮೂಲೆ ಎತ್ತಿ ಇಣುಕಿ ನೋಡುತ್ತಾರಂತೆ. ಮೊನ್ನೆ ಸರೋಜ ಪರೀಕ್ಷೆಯಲ್ಲಿ, ಮಂಗಳ ಗ್ರಹದ ಮೇಲೆ ಜೀವಿ ಇದೆಯೇ ಎಂಬ ಪ್ರಶ್ನೆ ಕೊಟ್ಟಿದ್ದಳು. ಒಬ್ಬ ಹುಡುಗಿಯ ಉತ್ತರವನ್ನು ಮನೆಗೆ ತಂದು ನನಗೆ ಓದಿ ಹೇಳಿದಳು:

"ಹಿಂದಗಡೆ ಒಬ್ಬರು ಅದಾರ್ರಿ ಟೀಚರ್. ಸತ್ತಾರಂತ ಬರದಾರ, ಆದ್ರ ಬದುಕ್ಯಾರ."

ಸರೋಜ ಪೂರ್ತಿ ಅಂಕ ಕೊಟ್ಟಿದ್ದಾಳೆ.